ಹೆಸರು ಅಳಿಸಿಹೋದ ಡೋರ್ ಕ್ಲೋಸರನ್ನು ಗುರುತಿಸುವುದು ಹೇಗೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಲ್ಲೇಶ್ವರದ ಕಟ್ಟಡವೊಂದರ ಮೊದಲ ಮಹಡಿಯನ್ನು ಬಾಡಿಗೆಗೆ ಪಡೆದು ರಕ್ತಪರೀಕ್ಷೆಯ ಲ್ಯಾಬ್ ನಡೆಸುತ್ತಿದ್ದೇವೆ. ಮುಂಬಾಗಿಲು 1 ಮೀಟರ್ ಅಗಲದ, ಗಟ್ಟಿ ತಿರುಳಿನ ಫ್ಲಶ್ ಡೋರ್. ಅದರ ಮೇಲೆ ಹಿಂದಿನ ಬಾಡಿಗೆದಾರರ ಕಾಲದಿಂದಲೂ ಒಂದು ಡೋರ್ ಕ್ಲೋಸರ್ ಇದೆ. ಬಾಗಿಲಿನ ಜೊತೆ ಅದಕ್ಕೂ ಬಣ್ಣ ಬಳಿದಿರುವುದರಿಂದ ಕಂಪನಿಯ ಹೆಸರಾಗಲಿ ನಂಬರಾಗಲಿ ಕಾಣುವುದಿಲ್ಲ. ಈಚೆಗೆ ಅದರಿಂದ ಎಣ್ಣೆ ಜಿನುಗುತ್ತಿದೆ, ಬಾಗಿಲು ಧಡಾರನೆ ಬಡಿದುಕೊಳ್ಳುತ್ತಿದೆ. ಬಡಗಿ 'ಯಾವುದಾದರೂ ತನ್ನಿ, ಹಾಕಿಕೊಡುತ್ತೇನೆ' ಎನ್ನುತ್ತಾರೆ. ಅಂಗಡಿಯವರು 'ಯಾವ ಮಾಡೆಲ್, ಯಾವ ಸೈಜು' ಎಂದು ಕೇಳುತ್ತಾರೆ. ಈಗಿರುವುದು ಯಾವುದೆಂದು ತಿಳಿಯುವುದು ಹೇಗೆ? ಎಣ್ಣೆ ತುಂಬಿಸಿ ಅದನ್ನೇ ಮುಂದುವರಿಸಬಹುದೇ?
ಓದುಗರು, ಮಲ್ಲೇಶ್ವರ

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಎಣ್ಣೆ ತುಂಬಿಸಿ ಮುಂದುವರಿಸುವುದು ಬೇಡ. ಈ ಬಗೆಯ ಕ್ಲೋಸರಿನ ಒಡಲೊಳಗೆ ಒಂದು ಬಲವಾದ ಸ್ಪ್ರಿಂಗ್, ಹಲ್ಲುಗಳಿರುವ ಒಂದು ಪಿಸ್ಟನ್, ಆ ಹಲ್ಲುಗಳಿಗೆ ಕಚ್ಚಿಕೊಂಡು ತಿರುಗುವ ಒಂದು ಪಿನಿಯನ್, ಸುತ್ತಲೂ ಎಣ್ಣೆ ಇರುತ್ತವೆ. ಬಾಗಿಲು ತೆರೆದಾಗ ಪಿನಿಯನ್ ತಿರುಗಿ ಪಿಸ್ಟನ್ನನ್ನು ಸರಿಸುತ್ತದೆ, ಸ್ಪ್ರಿಂಗ್ ಅದುಮಿಕೊಳ್ಳುತ್ತದೆ, ಎಣ್ಣೆಯು ಒಮ್ಮುಖ ವಾಲ್ವಿನ ಮೂಲಕ ಸಲೀಸಾಗಿ ಆಚೆ ಬದಿಗೆ ಹರಿಯುತ್ತದೆ. ಮುಚ್ಚುವಾಗ ಆ ದಾರಿ ಮುಚ್ಚಿರುತ್ತದೆ. ಆದ್ದರಿಂದ ಸ್ಪ್ರಿಂಗು ಪಿಸ್ಟನ್ನನ್ನು ಎಷ್ಟೇ ರಭಸದಿಂದ ತಳ್ಳಿದರೂ ಎಣ್ಣೆಯು ಸಣ್ಣ ಕಾಲುವೆಗಳಲ್ಲಿ ನುಸುಳಿಯೇ ಹಿಂದಿರುಗಬೇಕು. ನಿಮ್ಮ ಲ್ಯಾಬಿನ ಸಿರಿಂಜಿನ ಹಿಡಿಯನ್ನು ಎಷ್ಟು ಒತ್ತಿದರೂ ಔಷಧವು ಸೂಜಿಯ ರಂಧ್ರ ಬಿಟ್ಟಷ್ಟೇ ವೇಗದಲ್ಲಿ ಹೊರಬರುವಂತೆ ಇಲ್ಲಿಯೂ ವೇಗವನ್ನು ನಿರ್ಧರಿಸುವುದು ಆ ಕಾಲುವೆಯ ಅಗಲ. ಎಣ್ಣೆ ಸೋರಿ ಅದರ ಜಾಗಕ್ಕೆ ಗಾಳಿ ಸೇರಿದಾಗ ತಡೆಯುವ ಶಕ್ತಿ ಹೋಗುತ್ತದೆ, ಸ್ಪ್ರಿಂಗಿನ ಶಕ್ತಿ ಮಾತ್ರ ಉಳಿಯುತ್ತದೆ. ಬಾಗಿಲು ಮುಚ್ಚುವುದನ್ನು ಬಿಡದೆ ಬಡಿದುಕೊಳ್ಳಲು ತೊಡಗಿರುವುದು ಇದೇ ಕಾರಣದಿಂದ. ಸೋರಿಕೆಯೆಂದರೆ ಸೀಲು ಸವೆದಿದೆ ಎಂದರ್ಥ. ಹೊಸ ಎಣ್ಣೆಯೂ ಅದೇ ದಾರಿಯಲ್ಲಿ ಹೊರಬರುತ್ತದೆ. ಒಡಲಿನ ತುದಿಯ ಮುಚ್ಚಳದ ಹಿಂದೆ ಅದುಮಿಟ್ಟ ಸ್ಪ್ರಿಂಗ್ ಇರುವುದರಿಂದ ಅದನ್ನು ಬಿಚ್ಚುವುದು ಅಪಾಯಕರವೂ ಹೌದು.

ಇನ್ನು ಗುರುತಿಸುವ ವಿಚಾರ. ಬೆಂಗಳೂರಿನ ಕಚೇರಿಗಳಲ್ಲಿ ಬಣ್ಣ ಬಳಿಯುವವರು ಕ್ಲೋಸರನ್ನು ಬಾಗಿಲಿನದೇ ಒಂದು ಭಾಗವೆಂದು ತಿಳಿದು ಅದರ ಮೇಲೂ ಎರಡು ಕೋಟು ಎಳೆದುಬಿಡುವುದು ಹೊಸದೇನಲ್ಲ. ಒಡಲಿನ ಮೇಲೆ ಪ್ಲಾಸ್ಟಿಕ್ ಅಥವಾ ಲೋಹದ ಹೊದಿಕೆಯಿದ್ದರೆ ಅದನ್ನು ಮೆಲ್ಲಗೆ ಎಬ್ಬಿಸಿ ನೋಡಿ; ಹೆಸರು, ಮಾಡೆಲ್ ಮತ್ತು ಸೈಜು ಎಷ್ಟೋ ಸಲ ಅದರ ಒಳಗಡೆ, ಬಣ್ಣ ತಾಗದ ಜಾಗದಲ್ಲಿರುತ್ತವೆ. ಹೊದಿಕೆಯಿಲ್ಲದಿದ್ದರೆ ಒಡಲಿನ ಎರಡು ತುದಿಗಳಲ್ಲಿ, ಕೆಳಮೈಯಲ್ಲಿ ಮತ್ತು ತೋಳಿನ ಮೇಲೆ ಎರಕದಲ್ಲೇ ಮೂಡಿಸಿದ ಅಕ್ಷರಗಳಿಗಾಗಿ ಹುಡುಕಿ. ಹೆಸರು ಸಿಕ್ಕರೆ ಕೆಲವೊಮ್ಮೆ ವಯಸ್ಸಿನ ಅಂದಾಜೂ ಸಿಗುತ್ತದೆ. ಉದಾಹರಣೆಗೆ, ಡೋರ್ಮಾ ಮತ್ತು ಕಾಬಾ ಕಂಪನಿಗಳು 2015ರಲ್ಲಿ ವಿಲೀನವಾದವು. ಬರೀ ಡೋರ್ಮಾ ಎಂದಿರುವ ಕ್ಲೋಸರ್ ಬಹುಮಟ್ಟಿಗೆ ಹಳೆಯದೆಂದು ತಿಳಿಯಬಹುದು.

ಹೆಸರಿಗಿಂತ ಹೆಚ್ಚು ಉಪಯೋಗಕ್ಕೆ ಬರುವುದು ಅದರ ಪಕ್ಕದಲ್ಲಿರುವ ಅಂಕಿಗಳು. ಯುರೋಪಿನ ಇಎನ್ 1154 ಮಾನಕದಂತೆ ಪರೀಕ್ಷೆಗೊಳಗಾದ ಕ್ಲೋಸರಿನ ಲೇಬಲ್ಲಿನ ಮೇಲೆ ಆರು ಅಂಕಿಗಳ ಒಂದು ಸಾಲು ಇರುತ್ತದೆ. 4 8 3 1 1 3 ಎಂದಿದೆ ಎಂದುಕೊಳ್ಳಿ. ಮೊದಲ ಅಂಕಿ ಬಾಗಿಲನ್ನು ಎಷ್ಟು ತೆರೆದ ಸ್ಥಿತಿಯಿಂದ ಕ್ಲೋಸರ್ ಮುಚ್ಚಬಲ್ಲದು ಎಂಬುದನ್ನು ಹೇಳುತ್ತದೆ: 4 ಎಂದರೆ 180 ಡಿಗ್ರಿಯಿಂದ, 3 ಎಂದರೆ 105 ಡಿಗ್ರಿಯಿಂದ. ಎರಡನೆಯ 8, ಪರೀಕ್ಷೆಯಲ್ಲಿ 5,00,000 ಬಾರಿ ತೆರೆದು ಮುಚ್ಚಿ ನೋಡಿದ್ದಾರೆ ಎಂಬುದರ ಗುರುತು. ಮೂರನೆಯದು ಬಲದ ಸೈಜು. ಅಂಗಡಿಯವರು ಕೇಳುತ್ತಿರುವುದು ಇದನ್ನೇ. ನಾಲ್ಕನೆಯದು 1 ಆಗಿದ್ದರೆ ಬೆಂಕಿ ಮತ್ತು ಹೊಗೆ ತಡೆಯುವ ಬಾಗಿಲಿಗೆ ಬಳಸಬಹುದು, 0 ಆಗಿದ್ದರೆ ಬಳಸಬಾರದು. ಐದನೆಯದು ಸುರಕ್ಷತೆಗೆ ಸಂಬಂಧಿಸಿದ್ದು, ಯಾವಾಗಲೂ 1. ಕೊನೆಯದು ತುಕ್ಕು ತಡೆಯುವ ಶಕ್ತಿ, 0ಯಿಂದ 4ರವರೆಗೆ. ನಮ್ಮಲ್ಲಿಯೂ ಹೈಡ್ರಾಲಿಕ್ ಡೋರ್ ಕ್ಲೋಸರಿಗೆ ಐಎಸ್ 3564 ಎಂಬ ಭಾರತೀಯ ಮಾನಕವಿದೆ. ಆದರೆ ಹಲವು ಕ್ಯಾಟಲಾಗುಗಳು ಸೈಜನ್ನು ಇಎನ್ ಅಂಕಿಗಳಲ್ಲೇ ಕೊಡುವುದರಿಂದ ಅದನ್ನು ಓದಲು ಬಂದರೆ ಅನುಕೂಲ. ಅಮೆರಿಕದ ಕಂಪನಿಗಳಿಗಾಗಿ ಕಟ್ಟಿದ ಟೆಕ್ ಪಾರ್ಕುಗಳಲ್ಲಿ ಎಎನ್‌ಎಸ್‌ಐ ಎ156.4 ಎಂಬ ಅಮೆರಿಕದ ಮಾನಕದ ಗುರುತೂ ಕಾಣಸಿಗಬಹುದು. ಅದರ ಗ್ರೇಡ್ 1ಕ್ಕೆ 20 ಲಕ್ಷ ಬಾರಿಯ ಪರೀಕ್ಷೆಯಿದೆ.

ಲೇಬಲ್ ಸಿಗಲೇ ಇಲ್ಲವೆನ್ನಿ. ಆಗಲೂ ಕೈ ಚೆಲ್ಲಬೇಕಾಗಿಲ್ಲ. ನನ್ನ ಅಭಿಪ್ರಾಯದಲ್ಲಿ ಹೆಸರನ್ನು ಹುಡುಕುವುದಕ್ಕಿಂತ ಅದು ಎಲ್ಲಿ ಕೂತಿದೆ, ಏನು ಮಾಡುತ್ತದೆ ಎಂದು ನೋಡುವುದೇ ಲೇಸು, ಏಕೆಂದರೆ ಹೊಸದನ್ನು ಕೊಳ್ಳುವಾಗ ಹೊಂದಬೇಕಾದ್ದು ಆ ಸಂಗತಿಗಳೇ ಹೊರತು ಬ್ರಾಂಡ್ ಅಲ್ಲ. ಮೊದಲು ಬಾಗಿಲು ನಿಮ್ಮ ಕಡೆಗೆ ತೆರೆದುಕೊಳ್ಳುವ ಬದಿಯಲ್ಲಿ ನಿಲ್ಲಿ. ಒಡಲು ಈ ಬದಿಯಲ್ಲಿ ಬಾಗಿಲಿನ ಮೇಲೆಯೇ ಇದ್ದು, ಎರಡು ತುಂಡುಗಳ ತೋಳು ಚೌಕಟ್ಟಿನಿಂದ ನೇರವಾಗಿ ಮುಂದಕ್ಕೆ ಚಾಚಿಕೊಂಡಿದ್ದರೆ ಅದು ಸಾಮಾನ್ಯ ಜೋಡಣೆ. ಸ್ಪ್ರಿಂಗಿನ ಬಲ ಹೆಚ್ಚು ಪೋಲಾಗದೆ ಬಾಗಿಲಿಗೆ ತಲುಪುವುದು ಈ ಜೋಡಣೆಯಲ್ಲಿ. ಒಡಲು ಆಚೆ ಬದಿಯಲ್ಲಿ, ಅಂದರೆ ತಳ್ಳುವ ಬದಿಯಲ್ಲಿದ್ದು ತೋಳು ಚೌಕಟ್ಟಿನ ಅಡಿಯಲ್ಲಿ ಬಾಗಿಲಿಗೆ ಸಮಾನಾಂತರವಾಗಿ ಮಡಿಚಿಕೊಂಡಿದ್ದರೆ ಅದು ಪ್ಯಾರಲಲ್ ಆರ್ಮ್. ಇದರಲ್ಲಿ ತೋಳು ಹೊರಗೆ ಚಾಚದೆ ಚೊಕ್ಕವಾಗಿ ಕಾಣುತ್ತದೆ, ಆದರೆ ಬಲದಲ್ಲಿ ಸುಮಾರು ಕಾಲು ಭಾಗ ನಷ್ಟವಾಗುತ್ತದೆ. ಒಡಲೇ ಚೌಕಟ್ಟಿನ ಮೇಲಿದ್ದು ತೋಳಿನ ತುದಿ ಬಾಗಿಲಿಗೆ ಅಂಟಿಕೊಂಡಿದ್ದರೆ ಅದು ಟಾಪ್ ಜಾಂಬ್ ಜೋಡಣೆ. ನಾಲ್ಕನೆಯ ಬಗೆಯಲ್ಲಿ ಒಂದೇ ತುಂಡಿನ ತೋಳು ಒಂದು ಲೋಹದ ಹಳಿಯೊಳಗೆ ಜಾರುತ್ತದೆ. ಇದಕ್ಕೆ ಸ್ಲೈಡ್ ಚಾನೆಲ್ ಎನ್ನುತ್ತಾರೆ. ಇವುಗಳಲ್ಲಿ ಒಳ್ಳೆಯ ಮಾದರಿಗಳು ಪಿನಿಯನ್ನಿನ ಬದಲು ಕ್ಯಾಮ್, ಅಂದರೆ ಪೂರ್ತಿ ದುಂಡಗಿಲ್ಲದ ಒಂದು ತಿರುಗುಬಿಲ್ಲೆ, ಇಟ್ಟುಕೊಂಡಿರುತ್ತವೆ, ಬಾಗಿಲು ತೆರೆಯತೊಡಗಿದ ಮೇಲೆ ತಳ್ಳಲು ಬೇಕಾದ ಬಲ ಬೇಗನೆ ಇಳಿಯುತ್ತದೆ.

ಆಮೇಲೆ ಅಳತೆ. ಒಡಲಿನ ಉದ್ದ, ಎತ್ತರ, ಬಾಗಿಲಿನಿಂದ ಅದು ಎಷ್ಟು ಮುಂದಕ್ಕೆ ಬಂದಿದೆ ಎಂಬುದನ್ನು ಮಿಲಿಮೀಟರಿನಲ್ಲಿ ಬರೆದುಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾದುದು ಸ್ಕ್ರೂ ತೂತುಗಳ ನಡುವಿನ ಅಂತರ, ಅಡ್ಡಕ್ಕೂ ಉದ್ದಕ್ಕೂ. ಇದು ಹೊಂದಿದರೆ ಹೊಸ ಕ್ಲೋಸರ್ ಹಳೆಯ ತೂತುಗಳಲ್ಲೇ ಕೂರುತ್ತದೆ. ಹೊಂದದಿದ್ದರೆ ಹಳೆಯ ತೂತುಗಳಿಗೆ ಮರದ ಬೆಣೆ ಬಡಿದು ಅಂಟು ಹಾಕಿ ಮುಚ್ಚಿ ಹೊಸ ತೂತು ಕೊರೆಯಬೇಕು. ಅರ್ಧ ಇಂಚು ಪಕ್ಕದಲ್ಲಿ ಮತ್ತೊಂದು ತೂತು ಕೊರೆದರೆ ಮರ ಸೀಳಿ ಸ್ಕ್ರೂ ಹಿಡಿಯುವುದಿಲ್ಲ. ತೋಳು ಕೂರುವ ಪಿನಿಯನ್ ತುದಿ ಚೌಕವಾಗಿದೆಯೇ ಹಲ್ಲುಹಲ್ಲಾಗಿದೆಯೇ ಎಂದು ನೋಡಿ ಒಂದು ಫೋಟೋ ತೆಗೆಯಿರಿ. ಆ ತುದಿ ಒಡಲಿನ ಮೇಲೂ ಕೆಳಗೂ ಹೊರಬಂದಿದ್ದರೆ ಕ್ಲೋಸರನ್ನು ಎಡ ಬಾಗಿಲಿಗೂ ಬಲ ಬಾಗಿಲಿಗೂ ಬಳಸಬಹುದು.

ಗುಣಗಳನ್ನು ಪತ್ತೆ ಮಾಡುವುದಕ್ಕೆ ಒಡಲಿನ ಮೇಲಿನ ಸಣ್ಣ ಹೊಂದಾಣಿಕೆ ಸ್ಕ್ರೂಗಳನ್ನು ಎಣಿಸಿ. ಒಂದೇ ಇದ್ದರೆ ಮುಚ್ಚುವ ವೇಗವನ್ನಷ್ಟೇ ತಿದ್ದಬಹುದು. ಎರಡಿದ್ದರೆ ಸಾಮಾನ್ಯವಾಗಿ ಒಂದು ಮುಖ್ಯ ಓಟಕ್ಕೆ, ಇನ್ನೊಂದು ಕೊನೆಯ 10ರಿಂದ 15 ಡಿಗ್ರಿಗೆ. ಈ ಕೊನೆಯ ಹಂತಕ್ಕೆ ಲ್ಯಾಚಿಂಗ್ ಎನ್ನುತ್ತಾರೆ. ಬಾಗಿಲು ಬೀಗದ ನಾಲಿಗೆಯನ್ನು ಒತ್ತಿ ಒಳಗೆ ಕೂರಲು ಇಲ್ಲಿ ತುಸು ಹೆಚ್ಚು ವೇಗ ಬೇಕಾಗಬಹುದು. ಮೂರನೆಯ ಸ್ಕ್ರೂ ಇದ್ದರೆ ಅದು ಬ್ಯಾಕ್ ಚೆಕ್ ಆಗಿರಬಹುದು ಅಥವಾ ಡಿಲೇ ಆಗಿರಬಹುದು. ಬ್ಯಾಕ್ ಚೆಕ್ ಎಂದರೆ ಯಾರಾದರೂ ಬಾಗಿಲನ್ನು ರಭಸದಿಂದ ನೂಕಿದಾಗ ಸುಮಾರು 70 ಡಿಗ್ರಿ ದಾಟಿದ ಮೇಲೆ ಎಣ್ಣೆಯೇ ಎದುರು ಒತ್ತಿ ಅದು ಗೋಡೆಗೆ ಬಡಿಯದಂತೆ ತಡೆಯುವುದು. ಡಿಲೇ ಎಂದರೆ ಪೂರ್ತಿ ತೆರೆದ ಬಾಗಿಲು ಕೆಲವು ಸೆಕೆಂಡುಗಳ ಕಾಲ ತೀರಾ ನಿಧಾನವಾಗಿ ಚಲಿಸಿ, ಆಮೇಲೆ ಎಂದಿನ ವೇಗದಲ್ಲಿ ಮುಚ್ಚುವುದು. ಎಣ್ಣೆ ಸೋರಿದ ಕ್ಲೋಸರಿನಲ್ಲಿ ಇವನ್ನು ಕೈಯಿಂದ ಪರೀಕ್ಷಿಸಿ ಪ್ರಯೋಜನವಿಲ್ಲ, ಸ್ಕ್ರೂಗಳ ಎಣಿಕೆಯನ್ನೇ ನಂಬಬೇಕು. 90 ಡಿಗ್ರಿಗೆ ತೆರೆದರೆ ಬಾಗಿಲು ಅಲ್ಲೇ ನಿಂತುಬಿಡುವುದಾದರೆ ಅದು ಹೋಲ್ಡ್ ಓಪನ್. ಇದು ಬಹುಪಾಲು ಕ್ಲೋಸರುಗಳಲ್ಲಿ ಒಡಲಿನ ಗುಣವಲ್ಲ, ತೋಳಿನ ಗುಣ. ಒಡಲಿನ ತುದಿಯಲ್ಲಿ ಅಲೆನ್ ಕೀ ಹಿಡಿಯುವ ಒಂದು ದೊಡ್ಡ ಸ್ಕ್ರೂ ಇದ್ದರೆ ಸ್ಪ್ರಿಂಗಿನ ಬಲವನ್ನೇ ಹೆಚ್ಚು ಕಡಿಮೆ ಮಾಡಬಹುದು. ಅದಿಲ್ಲದ ಅಗ್ಗದ ಮಾದರಿಗಳಲ್ಲಿ ಪೆಟ್ಟಿಗೆಯೊಳಗೆ ಬರುವ ಕಾಗದದ ನಕ್ಷೆಯಂತೆ ಒಡಲನ್ನು ಕೀಲಿನಿಂದ ಬೇರೆ ಬೇರೆ ದೂರದಲ್ಲಿ ಕೂರಿಸಿ 2, 3 ಅಥವಾ 4ನೆಯ ಸೈಜಿನ ಬಲ ಪಡೆಯುತ್ತಾರೆ. ಆ ಕಾಗದವನ್ನು ಓದದೆಯೇ ಎಸೆಯುವುದು ನಮ್ಮ ಊರಿನಲ್ಲಿ ನಡೆಯುವ ತಪ್ಪು ಜೋಡಣೆಗಳಿಗೆ ಒಂದು ದೊಡ್ಡ ಕಾರಣವೆಂದು ನಾನು ಹೇಳುತ್ತೇನೆ.

ಸೈಜು ನಿರ್ಧರಿಸಲು ಇಎನ್ 1154 ಹೇಳುವ ಲೆಕ್ಕ ಹೀಗಿದೆ: 850 ಮಿ.ಮೀ. ಅಗಲ ಮತ್ತು 40 ಕೆ.ಜಿ.ವರೆಗಿನ ಬಾಗಿಲಿಗೆ 2, 950 ಮಿ.ಮೀ. ಮತ್ತು 60 ಕೆ.ಜಿ.ವರೆಗೆ 3, 1,100 ಮಿ.ಮೀ. ಮತ್ತು 80 ಕೆ.ಜಿ.ವರೆಗೆ 4, 1,250 ಮಿ.ಮೀ. ಮತ್ತು 100 ಕೆ.ಜಿ.ವರೆಗೆ 5. ಅಗಲ ಮತ್ತು ತೂಕ ಬೇರೆ ಬೇರೆ ಸೈಜನ್ನು ಸೂಚಿಸಿದರೆ ದೊಡ್ಡದನ್ನೇ ಹಿಡಿಯಬೇಕು. ನಿಮ್ಮ ಬಾಗಿಲು ತೂಕದಿಂದ 3ಕ್ಕೆ ಬಂದರೂ 1 ಮೀಟರ್ ಅಗಲವಿರುವುದರಿಂದ 4ಕ್ಕೆ ಸೇರುತ್ತದೆ. ಆದರೆ 4ನೆಯ ಸೈಜಿನ ಸ್ಪ್ರಿಂಗನ್ನು ತಳ್ಳಿ ತೆರೆಯಬೇಕಾದವರು ಉಪವಾಸವಿದ್ದು ರಕ್ತ ಕೊಡಲು ಬರುವ ವಯಸ್ಸಾದವರು. ಆದ್ದರಿಂದ ಸ್ಥಿರ ಬಲದ ಕ್ಲೋಸರನ್ನು ಕೊಳ್ಳಬೇಡಿ. 2ರಿಂದ 4ರವರೆಗೆ ಬಲ ತಿದ್ದಬಹುದಾದ ಮಾದರಿ ಕೇಳಿ, 3ರಲ್ಲಿ ಆರಂಭಿಸಿ, ಬಾಗಿಲು ನಾಲಿಗೆ ಹಿಡಿಯದಿದ್ದರೆ ಮಾತ್ರ ಏರಿಸಿ. ಡಿಲೇ ಇರುವ ಮಾದರಿಗೆ ಸ್ವಲ್ಪ ಹೆಚ್ಚು ಹಣ ತೆತ್ತರೂ ನಿಮ್ಮ ಲ್ಯಾಬಿಗೆ ಅದು ಸಾರ್ಥಕ, ಏಕೆಂದರೆ ಊರುಗೋಲು ಅಥವಾ ಗಾಲಿಕುರ್ಚಿಯಲ್ಲಿ ಬರುವವರು ಒಳಬರುವ ಮೊದಲೇ ಬಾಗಿಲು ಬೆನ್ನಿಗೆ ಬರುವುದಿಲ್ಲ. ಅಮೆರಿಕದ ಅಂಗವಿಕಲರ ಕಾಯ್ದೆಯ ಮಾನಕಗಳು 90 ಡಿಗ್ರಿಯಿಂದ 12 ಡಿಗ್ರಿಗೆ ಬರಲು ಬಾಗಿಲು ಕನಿಷ್ಠ 5 ಸೆಕೆಂಡು ತೆಗೆದುಕೊಳ್ಳಬೇಕೆನ್ನುತ್ತವೆ. ಅದನ್ನೇ ನೀವೂ ಅಳತೆಗೋಲಾಗಿ ಇಟ್ಟುಕೊಳ್ಳಬಹುದು.

ಕೊಳ್ಳುವ ಮೊದಲು ಹಳೆಯದರ ತೋಳನ್ನು ಬಿಡಿಸಿ ಬಾಗಿಲನ್ನು ಕೈಯಿಂದ ಆಡಿಸಿ ನೋಡಿ. ಹಿಂಜ್ ಸಡಿಲವಾಗಿ ಬಾಗಿಲು ಹೊಸ್ತಿಲಿಗೋ ನೆಲಕ್ಕೋ ಉಜ್ಜುತ್ತಿದ್ದರೆ ಅದನ್ನು ಸರಿಪಡಿಸಿದ ಮೇಲೆಯೇ ಕ್ಲೋಸರ್ ಹಾಕಿಸಬೇಕು. ಜೋತುಬಿದ್ದ ಬಾಗಿಲಿಗೆ ದೊಡ್ಡ ಸೈಜು ಮದ್ದಲ್ಲ. ಅಳತೆ ಮತ್ತು ಫೋಟೋಗಳೊಂದಿಗೆ ಎಸ್.ಜೆ.ಪಿ. ರಸ್ತೆಯ ಯಾವುದೇ ದೊಡ್ಡ ಹಾರ್ಡ್‌ವೇರ್ ಅಂಗಡಿಗೆ ಹೋದರೆ ಮಾಡೆಲ್ ನಂಬರಿಲ್ಲದೆಯೂ ಮಾತು ಮುಂದುವರಿಯುತ್ತದೆ.

ಪ್ರಶ್ನೆ: ಜಯನಗರದಲ್ಲಿ ನಮ್ಮದು ಸೀರೆ ಅಂಗಡಿ. ಎರಡೂ ಕಡೆಗೆ ತೆರೆಯುವ ಗಾಜಿನ ಬಾಗಿಲು ಕೆಲವು ತಿಂಗಳಿಂದ ನಡುವಿಗೆ ಬಂದು ನಿಲ್ಲದೆ ಸ್ವಲ್ಪ ಓರೆಯಾಗಿ ನಿಲ್ಲುತ್ತಿದೆ. ಮೇಲುಗಡೆ ಯಾವ ಕ್ಲೋಸರೂ ಕಾಣುವುದಿಲ್ಲ. ಇದರ ಕ್ಲೋಸರ್ ಎಲ್ಲಿರುತ್ತದೆ, ಸರಿಪಡಿಸಲು ಆಗುತ್ತದೆಯೇ?
ಓದುಗರು, ಜಯನಗರ

ಉತ್ತರ: ಅದು ನೆಲದೊಳಗಿದೆ. ಬಾಗಿಲಿನ ಕೆಳಮೂಲೆಯ ಬಳಿ ಕಾಣುವ ಆಯತಾಕಾರದ ಸ್ಟೀಲ್ ತಗಡನ್ನು ತೆಗೆದರೆ ಸಿಮೆಂಟಿನಲ್ಲಿ ಹೂತ ಪೆಟ್ಟಿಗೆಯೊಳಗೆ ಫ್ಲೋರ್ ಸ್ಪ್ರಿಂಗ್ ಸಿಗುತ್ತದೆ. ಭಾರತೀಯ ಮಾನಕದಲ್ಲಿ ಇದಕ್ಕೆ ಐಎಸ್ 6315 ಎಂಬ ಪ್ರತ್ಯೇಕ ಸಂಖ್ಯೆಯಿದೆ. ಗಾಜು 1 ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ 2.5 ಕೆ.ಜಿ. ತೂಗುತ್ತದೆ, ಹಾಗಾಗಿ 12 ಮಿ.ಮೀ. ದಪ್ಪದ, 1 ಮೀಟರ್ ಅಗಲ ಮತ್ತು 2.1 ಮೀಟರ್ ಎತ್ತರದ ಬಾಗಿಲು ಸುಮಾರು 63 ಕೆ.ಜಿ. ಆಗುತ್ತದೆ. ಫ್ಲೋರ್ ಸ್ಪ್ರಿಂಗ್ ಬಾಗಿಲನ್ನು ಮುಚ್ಚುವುದಷ್ಟೇ ಅಲ್ಲ, ಈ ತೂಕವನ್ನೆಲ್ಲ ಹೊರುತ್ತದೆ.

ನಡುವಿಗೆ ಬಾರದಿರುವುದಕ್ಕೆ ಎರಡು ಕಾರಣಗಳಿರಬಹುದು. ಮೊದಲನೆಯದು ಸಣ್ಣದು: ಪೆಟ್ಟಿಗೆಯೊಳಗೆ ಯಂತ್ರವನ್ನು ಹಿಡಿದಿರುವ ಪಕ್ಕದ ಸ್ಕ್ರೂಗಳು ಸಡಿಲಿ ಯಂತ್ರ ತುಸು ತಿರುಗಿರುತ್ತದೆ, ಅಥವಾ ಗಾಜನ್ನು ಕಚ್ಚಿರುವ ಕೆಳಗಿನ ಪ್ಯಾಚ್ ಫಿಟ್ಟಿಂಗ್ ಸರಿದಿರುತ್ತದೆ. ಇದನ್ನು ಗಾಜಿನ ಕೆಲಸದವರು ಆ ದಿನವೇ ಸರಿಮಾಡಬಲ್ಲರು. ಎರಡನೆಯದು ದೊಡ್ಡದು: ಮಳೆಯ ನೀರು ಅಥವಾ ದಿನವೂ ನೆಲ ಒರೆಸುವ ನೀರು ಪೆಟ್ಟಿಗೆಯೊಳಗೆ ಇಳಿದು ತುಕ್ಕು ಹಿಡಿದಿರುತ್ತದೆ. ತಗಡು ತೆಗೆದಾಗ ಒಳಗೆ ನೀರಿನ ಜೊತೆ ಎಣ್ಣೆಯ ಪದರ ಕಂಡರೆ ಯಂತ್ರವನ್ನೇ ಬದಲಿಸಬೇಕು. ಬದಲಿಸುವಾಗ ಸಿಮೆಂಟ್ ಪೆಟ್ಟಿಗೆಯ ಅಳತೆ, ಬಾಗಿಲನ್ನು ಹೊರುವ ಸ್ಪಿಂಡಲ್ಲಿನ ಆಕಾರ, 90 ಡಿಗ್ರಿಯಲ್ಲಿ ನಿಲ್ಲುವ ಬಗೆಯೇ ಅಲ್ಲವೇ ಎಂಬ ಮೂರು ಸಂಗತಿಗಳನ್ನು ಬರೆದುಕೊಳ್ಳಿ. ಅಳತೆ ತಪ್ಪಿದರೆ ಗ್ರಾನೈಟ್ ಒಡೆಯಬೇಕಾಗುತ್ತದೆ, ಆ ಖರ್ಚು ಫ್ಲೋರ್ ಸ್ಪ್ರಿಂಗಿನ ಬೆಲೆಯನ್ನೂ ಮೀರಬಹುದು. ಗಾಜಿನ ಬಾಗಿಲನ್ನು ಕಳಚುವ ಕೆಲಸವನ್ನು ಅಂಗಡಿಯ ಹುಡುಗರಿಂದ ಮಾಡಿಸಬೇಡಿ.

ಪ್ರಶ್ನೆ: ಬೆಳ್ಳಂದೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೆಟ್ಟಿಲ ಬಳಿಯ ಫೈರ್ ಡೋರುಗಳನ್ನು ನಿವಾಸಿಗಳು ಇಟ್ಟಿಗೆ ಇಟ್ಟು ತೆರೆದೇ ಇಡುತ್ತಾರೆ. ಅದರ ಬದಲು ಹೋಲ್ಡ್ ಓಪನ್ ಇರುವ ಕ್ಲೋಸರ್ ಹಾಕಿಸಿದರೆ ಹೇಗೆ ಎಂದು ಸಂಘದ ಸಭೆಯಲ್ಲಿ ಸಲಹೆ ಬಂದಿದೆ. ತಮ್ಮ ಅಭಿಪ್ರಾಯವೇನು?
ಓದುಗರು, ಬೆಳ್ಳಂದೂರು

ಉತ್ತರ: ಖಂಡಿತ ಬೇಡ. ತೋಳಿನಲ್ಲಿ ಸಿಕ್ಕಿಸಿ ನಿಲ್ಲಿಸುವ ಹೋಲ್ಡ್ ಓಪನ್, ಇಟ್ಟಿಗೆಯ ಕೆಲಸವನ್ನೇ ಇನ್ನಷ್ಟು ಅಚ್ಚುಕಟ್ಟಾಗಿ ಮಾಡುತ್ತದೆ, ಅಷ್ಟೆ. ಮೆಟ್ಟಿಲ ದಾರಿಗೆ ಬೆಂಕಿ ಮತ್ತು ಹೊಗೆ ನುಗ್ಗದಂತೆ ತಡೆಯುವುದು ಆ ಬಾಗಿಲಿನ ಮುಖ್ಯ ಉದ್ದೇಶ, ಮತ್ತು ಅದು ತಾನಾಗಿ ಮುಚ್ಚಿಕೊಂಡರೆ ಮಾತ್ರ ಸಾಧ್ಯ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ 4ನೆಯ ಭಾಗ ಅಗ್ನಿ ಮತ್ತು ಜೀವ ಸುರಕ್ಷತೆಗೇ ಮೀಸಲಾಗಿದೆ. ಫೈರ್ ಡೋರು ತಾನಾಗಿ ಮುಚ್ಚಿಕೊಳ್ಳಬೇಕೆಂಬುದು ಅಲ್ಲಿನ ಮೂಲ ಅಪೇಕ್ಷೆ. ಜನರ ಓಡಾಟ ನಿಜಕ್ಕೂ ಹೆಚ್ಚಿರುವ ಕಡೆ ಬಾಗಿಲನ್ನು ತೆರೆದಿಡಲೇಬೇಕೆಂದರೆ ವಿದ್ಯುತ್ಕಾಂತದಿಂದ ಹಿಡಿದಿಡುವ ಸಾಧನವನ್ನು ಫೈರ್ ಅಲಾರಮ್ಮಿಗೆ ಜೋಡಿಸಬೇಕು. ಅಲಾರಂ ಮೊಳಗಿದರೆ ಅಥವಾ ಕರೆಂಟು ಹೋದರೆ ಅದು ಹಿಡಿತ ಬಿಟ್ಟು ಬಾಗಿಲು ಮುಚ್ಚುತ್ತದೆ. ಇಂಥವಕ್ಕೆ ಯುರೋಪಿನಲ್ಲಿ ಇಎನ್ 1155 ಎಂಬ ಮಾನಕವಿದೆ.

ಕ್ಲೋಸರುಗಳನ್ನು ಪರಿಶೀಲಿಸುವಾಗ ಮೊದಲ ಉತ್ತರದಲ್ಲಿ ಹೇಳಿದ ಆರು ಅಂಕಿಗಳಲ್ಲಿ ನಾಲ್ಕನೆಯದು 1 ಇದೆಯೇ, ಸೈಜು ಕನಿಷ್ಠ 3 ಇದೆಯೇ ಎಂದು ನೋಡಿ. ಎರಡು ಎಲೆಗಳ ಬಾಗಿಲಾದರೆ ಯಾವ ಎಲೆ ಮೊದಲು ಮುಚ್ಚಬೇಕೆಂಬುದನ್ನು ನಿಯಂತ್ರಿಸುವ ಕೋಆರ್ಡಿನೇಟರ್ ಚೌಕಟ್ಟಿನ ಮೇಲಿರಬೇಕು. ಅದಿಲ್ಲದಿದ್ದರೆ ತಪ್ಪು ಎಲೆ ಮೊದಲು ಬಂದು ನಡುವೆ ಸಂದಿ ಉಳಿಯುತ್ತದೆ. ನಿವಾಸಿಗಳು ಇಟ್ಟಿಗೆ ಇಡುವುದಕ್ಕೆ ಅನೇಕ ವೇಳೆ ನಿಜವಾದ ಕಾರಣ ಬಾಗಿಲು ತೀರಾ ಬಿಗಿಯಾಗಿರುವುದು ಅಥವಾ ರಾತ್ರಿ ಬಡಿದುಕೊಳ್ಳುವುದು. ಎರಡನ್ನೂ ಕ್ಲೋಸರಿನ ಹೊಂದಾಣಿಕೆಯಿಂದ ಕಡಿಮೆ ಮಾಡಬಹುದು, ಸುತ್ತೋಲೆ ಕಳಿಸುವುದಕ್ಕಿಂತ ಅದರಿಂದ ಹೆಚ್ಚು ಫಲ ಸಿಕ್ಕೀತು.

ಪ್ರಶ್ನೆ: ನಮ್ಮ ಆಫೀಸಿನ ಬಾಗಿಲು ಡಿಸೆಂಬರಿನಲ್ಲಿ ಆಮೆಯ ವೇಗದಲ್ಲಿ ಮುಚ್ಚುತ್ತದೆ, ಏಪ್ರಿಲ್ ಬಂದರೆ ಬಡಿದುಕೊಳ್ಳುತ್ತದೆ. ಕ್ಲೋಸರ್ ಕೆಟ್ಟಿದೆಯೇ?
ಓದುಗರು, ಬಸವನಗುಡಿ

ಉತ್ತರ: ಎಣ್ಣೆಯ ಜಿನುಗು ಕಾಣದಿದ್ದರೆ ಕೆಟ್ಟಿಲ್ಲ. ಚಳಿಯಲ್ಲಿ ಎಣ್ಣೆ ಮಂದವಾಗುತ್ತದೆ, ಬಿಸಿಲಿನಲ್ಲಿ ತೆಳುವಾಗುತ್ತದೆ; ಬಿಸಿಲು ನೇರವಾಗಿ ಬೀಳುವ ಬಾಗಿಲಿನಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು. ಉಷ್ಣತೆಗೆ ತಕ್ಕಂತೆ ತಾನೇ ಹೊಂದಿಕೊಳ್ಳುವ ವಾಲ್ವುಳ್ಳ ಮಾದರಿಗಳೂ ಇವೆ, ಆದರೆ ವರ್ಷಕ್ಕೆ ಎರಡು ಬಾರಿ ಸ್ಕ್ರೂ ತಿರುಗಿಸಲು ಸಿದ್ಧರಿದ್ದರೆ ಅಷ್ಟು ಖರ್ಚು ಅನಗತ್ಯ. ವೇಗದ ಸ್ಕ್ರೂವನ್ನು ಗಡಿಯಾರದ ದಿಕ್ಕಿನಲ್ಲಿ ತಿರುಗಿಸಿದರೆ ಬಾಗಿಲು ನಿಧಾನವಾಗುತ್ತದೆ, ವಿರುದ್ಧ ದಿಕ್ಕಿನಲ್ಲಿ ತಿರುಗಿಸಿದರೆ ಚುರುಕಾಗುತ್ತದೆ. ಒಂದು ಸುತ್ತಿನ ಎಂಟನೆಯ ಒಂದು ಭಾಗದಷ್ಟು ತಿರುಗಿಸಿ, ಬಾಗಿಲನ್ನು ನಾಲ್ಕಾರು ಬಾರಿ ತೆರೆದು ಮುಚ್ಚಿ, ಬಳಿಕವೇ ಮತ್ತೆ ಮುಟ್ಟಿ. ಹವಾನಿಯಂತ್ರಿತ ಕೋಣೆಯಾದರೆ ಏಸಿ ಓಡುತ್ತಿರುವಾಗಲೇ ಇದನ್ನು ಮಾಡಿ, ಏಕೆಂದರೆ ಒಳಗಿನ ಗಾಳಿಯ ಒತ್ತಡವೂ ಬಾಗಿಲಿನ ಕೊನೆಯ ಚಲನೆಯನ್ನು ಬದಲಿಸುತ್ತದೆ. ಸ್ಕ್ರೂವಿನ ತಲೆ ಒಡಲಿನ ಮಟ್ಟದಿಂದ ಹೊರಬರುವಷ್ಟು ಸಡಿಲಿಸಬೇಡಿ; ಹಾಗೆ ಮಾಡಿದರೆ ಎಣ್ಣೆ ಚಿಮ್ಮಿ, ಚೆನ್ನಾಗಿದ್ದ ಕ್ಲೋಸರನ್ನೂ ಬದಲಿಸಬೇಕಾಗುತ್ತದೆ.